ಒತ್ತಿದ ಕೂಡಲೇ ಹಸಿರು

ಹೊಳನಗದ್ದೆ, ಕುಮಟಾ
12 ಮೇ 2025, ಸೋಮವಾರ

ಪ್ರಿಯ ಜಯಶ್ರೀ ಅವರಿಗೆ,

ಇದನ್ನು ಬರೆಯದೆ ಬಿಡುವವಳಿದ್ದೆ: ಕಳೆದ ವಾರ ನೀವು ಮೂರು ಸಲ ಫೋನ್ ಮಾಡಿದಾಗ ಫೋನು ನನ್ನ ಕೈಯಲ್ಲೇ ಇತ್ತು. ಮೀಟಿಂಗಿನಲ್ಲಿದ್ದೆ ಎಂದು ಬರೆಯಬಹುದಿತ್ತು. ಮೊದಲ ಸಲದ ಮಟ್ಟಿಗೆ ಅದು ನಿಜವೂ ಹೌದು. ಉಳಿದ ಎರಡು ಸಲ ಸುಮ್ಮನೆ ಕೂತಿದ್ದೆ. ನಿಮ್ಮ ಹೆಸರು ನೋಡಿದೆ, ಯಾಕೆ ಮಾಡುತ್ತಿದ್ದೀರಿ ಎಂದು ಊಹಿಸಿದೆ, ರಿಂಗು ನಿಲ್ಲುವ ತನಕ ಕಾದೆ.

ಶುಕ್ರವಾರ ನಿಮ್ಮ ರಿಜಿಸ್ಟರ್ಡ್ ಪತ್ರ ಬಂತು. ಅಂಚೆಯವರು ಕಾರ್ಡಿನ ಮೇಲೆ ನನ್ನ ಸಹಿ ಹಾಕಿಸಿಕೊಂಡು ಹೋದರು. ಹಾಗಾಗಿ ಈ ಸಲ ನೋಡಲಿಲ್ಲ ಎನ್ನುವಂತಿಲ್ಲ. ನಾನು ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ. ಕನ್ನಡದಲ್ಲಿ ಪತ್ರ ಬರೆದು ಬಹಳ ಕಾಲವಾಯಿತು. ತಪ್ಪಿದ್ದರೆ ತಿದ್ದಿಕೊಳ್ಳಿ.

ನನಗೆ ಅರ್ಥವಾದದ್ದನ್ನು ಹೇಳುತ್ತೇನೆ. ಹೊನ್ನಾವರದ ಸಿಗಡಿ ಫ್ಯಾಕ್ಟರಿಯಲ್ಲಿ ಕೋಲ್ಡ್ ರೂಮಿನ ಉಷ್ಣತೆ ನೋಡಿ ಟ್ಯಾಬಿನಲ್ಲಿ ದಾಖಲಿಸುವುದು ನಿಮ್ಮ ಕೆಲಸ. ಏಪ್ರಿಲ್ ಒಂದರಿಂದ ಹದಿನೇಳರವರೆಗೆ, ಭಾನುವಾರ ಬಿಟ್ಟು ಹದಿನೈದು ದಿನಗಳಲ್ಲಿ ಎಪ್ಪತ್ತೈದು ಸಲ ನೀವು ದಾಖಲಿಸಿರಬೇಕಿತ್ತು. ಕಂಪ್ಯೂಟರಿನಲ್ಲಿ ನಾಲ್ಕೇ ಇವೆ. ಅಷ್ಟರಲ್ಲಿ ಒಂದು ಕೋಣೆಯಷ್ಟು ಸರಕು ಕೊಳೆಯಿತು. ನೀವು ಕೆಲಸ ಮಾಡದೆ ಮಾಡಿದ್ದೇನೆ ಎಂದು ಸುಳ್ಳು ಹೇಳುತ್ತಿದ್ದೀರಿ ಎಂದು ನಿಮ್ಮನ್ನು ಮನೆಗೆ ಕಳಿಸಿದ್ದಾರೆ. ಜೂನ್ 23ಕ್ಕೆ ವಿಚಾರಣೆ. ಅಲ್ಲಿ ಸುಳ್ಳುಗಾರ್ತಿ ಎಂದಾದರೆ ಭಟ್ಕಳದಿಂದ ಕುಮಟಾದವರೆಗೆ ಯಾವ ಮೀನಿನ ಫ್ಯಾಕ್ಟರಿಯೂ ನಿಮ್ಮನ್ನು ಒಳಗೆ ಬಿಡುವುದಿಲ್ಲ.

ಆ ಸಾಫ್ಟ್‌ವೇರ್ ನನ್ನ ಕಂಪನಿಯದು. ಆಫೀಸು ಪುಣೆಯಲ್ಲಿದೆ, ನಾನು ಇಲ್ಲಿ ಮನೆಯಿಂದ ಕೆಲಸ ಮಾಡುತ್ತೇನೆ. ಸಾವಿರದ ನಾನೂರು ಕಾರ್ಖಾನೆಗಳ ಜನ ಏಕಕಾಲಕ್ಕೆ ಬಳಸುವ ಟ್ಯಾಬಿನ ತೆರೆ ಹೇಗಿರಬೇಕು, ಒತ್ತಿದರೆ ಏನು ಕಾಣಬೇಕು, ಎಷ್ಟು ಬೇಗ ಕಾಣಬೇಕು ಎಂದು ತೀರ್ಮಾನಿಸುವವಳು ನಾನು. 2022ರಲ್ಲಿ ನಿಮ್ಮ ಫ್ಯಾಕ್ಟರಿಗೆ ಬಂದದ್ದೂ ಅದಕ್ಕೇ.

ನೀವು ದಿನವೂ ಏನೇನು ಮಾಡುತ್ತಿದ್ದಿರಿ ಎಂದು, ಒಂದೂ ಬಿಡದೆ ಬರೆಯಿರಿ. ನಾನು ವಿಚಾರಿಸುತ್ತೇನೆ.

ಇತಿ,
ಮಾಲತಿ


ಮಾವಳ್ಳಿ
17 ಮೇ 2025

ಮಾಲತಿ ಮೇಡಂ ಅವರಿಗೆ ಜಯಶ್ರೀಯ ನಮಸ್ಕಾರಗಳು.

ಪತ್ರ ಕೈಸೇರಿತು. ಫೋನಿನ ವಿಷಯ ಬಿಡಿ, ದೊಡ್ಡ ಕೆಲಸದಲ್ಲಿರುವವರಿಗೆ ಹತ್ತು ಕಡೆಯ ಕರೆ ಇರುತ್ತದೆ. ವಾಟ್ಸಾಪಿನಲ್ಲಿ ಹಾಕು ಎಂದು ಮನೆಯಲ್ಲಿ ಹೇಳಿದರು. ಟಿಕ್ ನಂಬಿ ಈ ಸ್ಥಿತಿಗೆ ಬಂದಿದ್ದೇನೆ, ಮತ್ತೆ ಟಿಕ್ ನೋಡಿಕೊಂಡು ಕೂರುವುದು ಬೇಡ ಎಂದೆ. ರಿಜಿಸ್ಟರ್ ಮಾಡಿದರೆ ಸಹಿ ಮಾಡಿದ ಕಾರ್ಡು ವಾಪಸು ಬರುತ್ತದೆ. ನಿಮ್ಮದು ಬಂದಿದೆ, ಗೋಡೆಯ ಕ್ಯಾಲೆಂಡರಿಗೆ ಸಿಕ್ಕಿಸಿದ್ದೇನೆ.

ಕೇಳಿದ್ದಕ್ಕೆ ಬರೆಯುತ್ತೇನೆ. ನಮ್ಮಲ್ಲಿ ಇರುವುದು ಒಂದೇ ಪಾಳಿ, ಬೆಳಿಗ್ಗೆ ಆರರಿಂದ ಎರಡು. ಆರು, ಎಂಟು, ಹತ್ತು, ಹನ್ನೆರಡು, ಎರಡು, ಹೀಗೆ ಐದು ಸಲ ಕೋಲ್ಡ್ ರೂಮಿಗೆ ಹೋಗಬೇಕು. ತೂಕದವರು, ಪ್ಯಾಕಿಂಗಿನವರು, ನಾನು, ನಮ್ಮ ಮೂರು ಕಡೆಗೆ ಒಂದೇ ಟ್ಯಾಬು. ಅದು ಒದ್ದೆಯಾಗದ ಹಾಗೆ ಪ್ಲಾಸ್ಟಿಕ್ ಚೀಲದಲ್ಲಿರುತ್ತದೆ. ನನ್ನ ಸರದಿ ಬಂದಾಗ ಇಸಕೊಂಡು, ನನ್ನ ಹೆಸರಿನಲ್ಲಿ ಲಾಗಿನ್ ಆಗಿ, ಜಾಕೆಟ್ ಹಾಕಿ ಒಳಗೆ ಹೋಗುತ್ತೇನೆ. ಥಂಡಿ ಹೊರಗೆ ಹೋಗಬಾರದೆಂದು ಬಾಗಿಲು ಎಳೆದುಕೊಳ್ಳಬೇಕು. ಮೀಟರ್ ನೋಡಿ ಅಂಕಿ ಹಾಕಿ ಒತ್ತುತ್ತೇನೆ. ಹಸಿರು ಟಿಕ್ ಬರುತ್ತದೆ. ಹೊರಗೆ ಬಂದು ಲಾಗೌಟ್ ಮಾಡಿ ಟ್ಯಾಬ್ ವಾಪಸು ಕೊಡುತ್ತೇನೆ.

ಈ ಲಾಗೌಟಿನ ಪದ್ಧತಿ ಹಾಕಿದ್ದು ನಾನೇ. ಮುಂಚೆ ಮಂಜಿ ಮಾಡಿದ ತೂಕ ಗಂಗೆಯ ಹೆಸರಿಗೆ ಬಿದ್ದು, ಇಬ್ಬರೂ ಜಡೆ ಹಿಡಿದು ಎಳೆದಾಡುವಷ್ಟಾಗಿತ್ತು. ಒಬ್ಬಳ ಬೆವರು ಇನ್ನೊಬ್ಬಳ ಹೆಸರಿಗೆ ಹೋಗುವುದು ಬೇಡ, ಪ್ರತಿ ಸಲ ಲಾಗೌಟ್ ಮಾಡಿಯೇ ಕೊಡಿ ಎಂದು ಎಲ್ಲರಿಗೂ ಹೇಳಿದೆ. ಈಗ ಯಾರೂ ತಪ್ಪುವುದಿಲ್ಲ. ನಾನಂತೂ ಮೊದಲೇ ಇಲ್ಲ. ಎಲ್ಲೋ ಮೂರು ನಾಲ್ಕು ಸಲ ಅವಸರದಲ್ಲಿ ಮರೆತದ್ದಿದೆ, ಅದಕ್ಕೂ ಬೈಸಿಕೊಂಡಿದ್ದೇನೆ.

ಏಪ್ರಿಲ್ ಹದಿನೇಳು ಗುರುವಾರ ಮೈನಸ್ ಹದಿನೆಂಟು ಇರಬೇಕಾದದ್ದು ಹದಿನಾಲ್ಕಾಯಿತು, ಹನ್ನೆರಡು ಗಂಟೆಗೆ ಮೈನಸ್ ಹನ್ನೊಂದಾಯಿತು. ನಾನು ಸೂಪರ್‌ವೈಸರ್ ದಿನಕರಣ್ಣನಿಗೆ ಬಾಯಲ್ಲೂ ಹೇಳಿದೆ.

"ದಿನಕರಣ್ಣ, ಮೀಟರು ಏರ್ತಾ ಅದೆ."

"ಟ್ಯಾಬಲ್ಲಿ ಹಾಕಿದ್ಯಾ?"

"ಹಾಕ್ದೆ."

"ಹಸಿರು ಬಂತಾ?"

"ಬಂತು."

"ಆತು ಮತ್ತೆ. ಹೆಚ್ಚಾದ್ರೆ ಅದೇ ನಂಗೆ ಫೋನ್ ಮಾಡ್ತದೆ. ನೀ ಎಂತಕ್ಕೆ ತಲೆ ಬಿಸಿ ಮಾಡ್ಕಂತೆ?"

ಅದು ಫೋನ್ ಮಾಡಲಿಲ್ಲ. ಶುಕ್ರವಾರದಿಂದ ಮೂರು ದಿನ ಫ್ಯಾಕ್ಟರಿಗೆ ರಜೆ. ಸೋಮವಾರ ಬಾಗಿಲು ತೆಗೆದಾಗ ಬಂದ ವಾಸನೆ ಹೇಗೆ ಬರೆಯಲಿ? ಮೀನಿನ ಊರಿನಲ್ಲಿ ಹುಟ್ಟಿದವಳು ನಾನು, ಮೂಗು ಮುಚ್ಚುವವಳಲ್ಲ. ಅವತ್ತು ನೀರು ಹರಿಯುವ ತೋಡಿನ ಹತ್ತಿರ ಕೂತು ಹೊಟ್ಟೆಯಲ್ಲಿದ್ದದ್ದೆಲ್ಲ ಕಾರಿದೆ. ಆಮೇಲೆ ನನ್ನನ್ನೇ ಒಳಗೆ ಕಳಿಸಿದರು. ನೀನು ಹಾಳು ಮಾಡಿದ್ದು, ನೀನೇ ತೆಗಿ ಎಂದು. ಪೆಟ್ಟಿಗೆ ಎತ್ತಿದರೆ ಕೆಳಗಿಂದ ಲೋಳೆ ಮೊಣಕೈವರೆಗೆ ಇಳಿಯುತ್ತಿತ್ತು. ಇವತ್ತಿಗೂ ಅನ್ನ ಕಲಸುವಾಗ ಕೈ ಮೂಸಿ ನೋಡುತ್ತೇನೆ.

ಒಂದು ಸಂತೋಷದ ಮಾತು ಹೇಳಿ ಮುಗಿಸುತ್ತೇನೆ. ನೀವು ಬಂದಾಗ ನಾನು ಹೇಳಿದ್ದು ನೆನಪಿದೆಯಾ? ಆಗ ಒತ್ತಿದರೆ ಚಕ್ರ ತಿರುಗುತ್ತಿತ್ತು, ಅದು ನಿಲ್ಲುವ ತನಕ ಒಳಗೆ ನಿಂತು ಬೆರಳು ಮರಗಟ್ಟುತ್ತಿತ್ತು. "ಈ ಚಕ್ರ ತೆಗೆದ್ಬಿಡಿ ಮೇಡಂ, ಒತ್ತಿದ ಕೂಡ್ಲೇ ಆತು ಅಂದ್ಬಿಡ್ಲಿ" ಎಂದೆ. ನೀವು ನಕ್ಕು ಬರೆದುಕೊಂಡಿರಿ. ಆರು ತಿಂಗಳಿಗೆ ಚಕ್ರ ಹೋಗಿ ಹಸಿರು ಬಂತು. ನನ್ನ ಮಾತು ಕೇಳಿ ಪುಣೆಯವರು ಮಾಡಿದ್ದು ಎಂದು ಇಡೀ ಫ್ಯಾಕ್ಟರಿಗೆ ಹೇಳಿಕೊಂಡು ತಿರುಗಿದ್ದೇನೆ. ನನ್ನಂಥವಳ ಮಾತನ್ನು ಯಾರೂ ಹಾಗೆ ಕೇಳಿದ್ದಿಲ್ಲ. ಆದ್ದರಿಂದ ನೀವು ಒಂದು ಮಾತು ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದು ಧೈರ್ಯವಾಗಿದ್ದೇನೆ.

ನಿಮ್ಮ,
ಜಯಶ್ರೀ


ಹೊಳನಗದ್ದೆ
27 ಮೇ 2025

ಜಯಶ್ರೀ ಅವರಿಗೆ,

ವಿಚಾರಿಸಿದೆ. ಎಪ್ಪತ್ತೊಂದು ದಾಖಲೆಗಳು ನಮ್ಮ ಕಂಪನಿಯ ಸರ್ವರ್ ಕಂಪ್ಯೂಟರಿಗೆ ತಲುಪಿಲ್ಲ ಎನ್ನುವುದು ನಿಜ. ಕೋಲ್ಡ್ ರೂಮಿನ ಗೋಡೆ ದಪ್ಪವಿರುವುದರಿಂದ ಒಳಗೆ ವೈಫೈ ಸರಿಯಾಗಿ ಸಿಗುತ್ತಿರಲಿಲ್ಲ ಎಂದು ಕಾಣುತ್ತದೆ. ಅದು ಕಾರ್ಖಾನೆಯ ವ್ಯವಸ್ಥೆಗೆ ಸೇರಿದ ವಿಷಯ.

ತೆರೆಯ ಬಲ ಮೂಲೆಯಲ್ಲಿ ಬೂದು ಬಣ್ಣದ ಮೋಡದ ಚಿಹ್ನೆ ಇದೆ. ಅದು ಕಾಣುತ್ತಿದ್ದರೆ ದಾಖಲೆ ಇನ್ನೂ ಹೋಗಿಲ್ಲ ಎಂದರ್ಥ. ತರಬೇತಿ ಪುಸ್ತಿಕೆಯ ನಲವತ್ತಮೂರನೇ ಪುಟದಲ್ಲಿ ವಿವರಿಸಿದ್ದೇವೆ. ನೀವು ಅದನ್ನು ಗಮನಿಸುತ್ತಿದ್ದಿರಾ? ವಿಚಾರಣೆಯಲ್ಲಿ ಈ ಪ್ರಶ್ನೆ ಬರಬಹುದು, ಉತ್ತರ ಯೋಚಿಸಿಟ್ಟುಕೊಳ್ಳಿ.

ನನ್ನ ಮೇಲಧಿಕಾರಿ ಗುರುದತ್ತರ ಜೊತೆಯೂ ಮಾತನಾಡಿದ್ದೇನೆ. ಕಂಪನಿಯ ಒಳಗಿನ ವಿವರಗಳನ್ನು ಹೊರಗೆ ಹೇಳುವುದಿಲ್ಲ ಎಂದು ಬರೆದುಕೊಟ್ಟು ಕೆಲಸಕ್ಕೆ ಸೇರಿದವಳು ನಾನು. ನನ್ನ ಮಿತಿಯನ್ನು ನೀವು ಅರ್ಥ ಮಾಡಿಕೊಳ್ಳುವಿರೆಂದು ನಂಬಿದ್ದೇನೆ.

ಹಸಿರು ಗುರುತಿನ ಬಗ್ಗೆ ನೀವು ಬರೆದದ್ದು ಓದಿದೆ. ನೆನಪಿದೆ. ಬೇಗ ತೋರಿಸಬೇಕೆಂದು ಕೇಳಿದ್ದು ನೀವೇ ಎನ್ನುವುದೂ ಗಮನದಲ್ಲಿರಲಿ.

ನಿಮಗೆ ಒಳ್ಳೆಯದಾಗಲಿ.

ಮಾಲತಿ


ಮಾವಳ್ಳಿ
3 ಜೂನ್ 2025

ಮಾಲತಿ ಮೇಡಂ ಅವರಿಗೆ,

ಹೌದು, ಕೇಳಿದ್ದು ನಾನೇ. ನಿಮ್ಮ ಪತ್ರ ಬಂದ ಮೇಲೆ ನಾಲ್ಕು ದಿನ ಅದನ್ನೇ ಯೋಚಿಸಿದೆ. ಬೆರಳು ಮರಗಟ್ಟಿದರೆ ಮರಗಟ್ಟಲಿ ಎಂದು ಸುಮ್ಮನಿದ್ದಿದ್ದರೆ ಚಕ್ರವೇ ಇರುತ್ತಿತ್ತು. ಸುಖ ಕೇಳಲು ಹೋಗಿ ಕೆಟ್ಟೆ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಆ ಮೋಡವನ್ನು ದಿನಾ ನೋಡಿದ್ದೇನೆ. ಸಾಸಿವೆ ಕಾಳಿನಷ್ಟಿದೆ. ಈ ಏಪ್ರಿಲಿನಿಂದ ಅದು ಹೋದದ್ದೇ ಇಲ್ಲ. ಫೋನಿನಲ್ಲಿ ಬರುವ ಹಾಗೆ ಹವಾಮಾನ ತೋರಿಸುವುದು ಎಂದು ತಿಳಿದಿದ್ದೆವು. ಐಸು ಹಾಕುವ ಸಣ್ಣಕ್ಕ ಅದನ್ನು ನೋಡಿ, "ಇವತ್ತೂ ಮೋಡ ಅದೆ ತಂಗೀ, ಮಳೆ ಮಾತ್ರ ಪುಣೇಲೇ ಹೊಯ್ತದೆ ಕಾಣ್ತದೆ" ಎಂದು ನಗಿಸುತ್ತಿದ್ದಳು. ಪುಸ್ತಿಕೆ ನಾವು ಯಾರೂ ಕಂಡಿಲ್ಲ. ಅದು ಇಂಗ್ಲಿಷಿನಲ್ಲಿದೆ, ಆಫೀಸಿನ ಕಪಾಟಿನಲ್ಲಿದೆ ಎಂದು ಈಗ ತಿಳಿಯಿತು.

ಆದರೆ ಒಂದು ಅರ್ಥವಾಗಲಿಲ್ಲ. ಮೋಡ ಇದ್ದರೆ ಹೋಗಿಲ್ಲ ಎಂದರ್ಥ ಅಂದಿರಿ. ಹಾಗಾದರೆ ಹಸಿರಿಗೆ ಎಂಥ ಅರ್ಥ?

ಭಾನುವಾರ ದಿನಕರಣ್ಣ ಮನೆಗೆ ಬಂದಿದ್ದ. ಟೈಪು ಮಾಡಿದ ಕಾಗದ ತಂದಿದ್ದ. ನಾನು ಅಷ್ಟು ದಿನ ಮೀಟರು ನೋಡಲಿಲ್ಲ, ತಪ್ಪಾಯಿತು, ನಾನಾಗಿಯೇ ಕೆಲಸ ಬಿಡುತ್ತೇನೆ ಎಂದು ಅದರಲ್ಲಿ ಬರೆದಿತ್ತು.

"ಸಹಿ ಹಾಕಿಬಿಡು. ವಿಚಾರಣೆನೂ ಇಲ್ಲ, ಎಂತದೂ ಇಲ್ಲ. ಬೇರೆ ಫ್ಯಾಕ್ಟರಿಯವ್ರು ಕೇಳಿದ್ರೆ ನಾ ಒಳ್ಳೆ ಮಾತೇ ಹೇಳ್ತೆ."

"ಮೀಟರು ಏರ್ತದೆ ಅಂತ ನಿಂಗೆ ಹೇಳಿದ್ನಲ್ಲ ದಿನಕರಣ್ಣ?"

ಅವನು ಚಾ ಲೋಟ ಕೆಳಗಿಟ್ಟು ಅಂಗಳ ನೋಡಿದ. "ನಂಗೆ ನೆನಪಿಲ್ಲ" ಎಂದ. ಕಾಗದವನ್ನು ನನ್ನ ಕಡೆ ಸರಿಸಿ, "ಕಂಪ್ಯೂಟರು ಸುಳ್ಳು ಹೇಳೂದಿಲ್ಲ ಜಯಶ್ರೀ. ಅದಕ್ಕೆ ಹೆಂಡ್ತಿ ಮಕ್ಳಿಲ್ಲ" ಎಂದ. ನನ್ನ ಅಣ್ಣನ ಜೊತೆ ಶಾಲೆಗೆ ಹೋದವನು. ಅವನು ಹೋದಮೇಲೆ ಆ ಲೋಟ ತೊಳೆಯಲು ಮನಸ್ಸಾಗಲಿಲ್ಲ, ಬೂದಿ ಹಾಕಿ ಇಟ್ಟಿದ್ದೇನೆ.

ನಿನ್ನೆ ಸಣ್ಣಕ್ಕ ಬಂದಳು. ಹೊನ್ನಾವರದಿಂದ ಬಸ್ಸಿನಲ್ಲಿ, ಐಸ್ ಪೆಟ್ಟಿಗೆಯ ಮರದ ಮುಚ್ಚಳ ಹೊತ್ತುಕೊಂಡು! ಕಂಡಕ್ಟರಿಗೂ ಅವಳಿಗೂ ಆದ ಮಾತನ್ನು ಬಾಗಿಲಲ್ಲೇ ನಿಂತು ಆಡಿ ತೋರಿಸಿದಳು.

"ಎಂತದೇ ಅಮ್ಮ ಅದು? ಯಾರ ಮನೆ ಬಾಗ್ಲು ಬಿಚ್ಕಂಡು ಬಂದೆ?"

"ನಿನ್ ಮದುವೆಗೆ ಮಣೆ. ಕೂತು ನೋಡು, ಅಳತೆ ಸರಿ ಅದ್ಯಾ ಅಂತ."

"ಲಗೇಜು ಟಿಕೆಟ್ ತಕ್ಕಾ."

"ಹೆಂಗ್ಸ್ರಿಗೆ ಟಿಕೇಟಿಲ್ಲ ಅಂತ ಬೋರ್ಡು ಹಾಕೀರಲ್ಲ?"

"ಹೆಂಗ್ಸ್ರಿಗೆ ಇಲ್ಲ. ಹಲಗೆಗೆ ಅದೆ."

"ಇದೂ ಹೆಣ್ಣೇ. ನೋಡು, ಎಷ್ಟ್ ಜನ ಗೀರಿದ್ರೂ ಬಾಯಿ ಬಿಡೂದಿಲ್ಲ."

ಟಿಕೇಟು ತೆಗೆದುಕೊಳ್ಳದೇ ಬಂದಳಂತೆ.

ವಿಷಯ ಏನೆಂದರೆ, ನಾನು ಕೋಲ್ಡ್ ರೂಮಿನ ಬಾಗಿಲು ತೆಗೆದಾಗಲೆಲ್ಲ ಸಣ್ಣಕ್ಕ ಒಳಗಿಂದ ಒಂದು ಬುಟ್ಟಿ ಐಸು ತೆಗೆಯಬೇಕು. ಅವಳಿಗೆ ಓದು ಬರಹ ಬಾರದು. ಎಷ್ಟು ಬುಟ್ಟಿ ಹೊತ್ತೆ ಎಂದು ಯಾರಾದರೂ ಕೇಳಿದರೆ ತೋರಿಸಲು ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಮೊಳೆಯಿಂದ ಗೀರು ಹಾಕುತ್ತಾಳೆ. ಅವಳ ಅಮ್ಮ ತರಕಾರಿ ಬುಟ್ಟಿಗೆ ಹೀಗೇ ಹಾಕುತ್ತಿದ್ದಳಂತೆ. ದಿನಕ್ಕೊಂದು ಸಾಲು, ಭಾನುವಾರಕ್ಕೆ ಒಂದು ಸೊನ್ನೆ. ಏಪ್ರಿಲಿಗೆ ಹೊಸ ಮುಚ್ಚಳ ಬಂದಿತ್ತು. ಇಬ್ಬರೂ ಕೂತು ಎಣಿಸಿದೆವು. ಹದಿನೇಳನೇ ತಾರೀಕಿನವರೆಗೆ ಹದಿನೈದು ಸಾಲು, ಸಾಲಿಗೆ ಐದು. ಎಪ್ಪತ್ತೈದು.

ಅಷ್ಟು ದಿನ ನನಗೇ ಅನುಮಾನ ಹತ್ತಿತ್ತು ಮೇಡಂ. ಒತ್ತಿದ್ದು ನಿಜವಾ, ಒತ್ತಿದೆ ಎಂದು ಅಂದುಕೊಂಡೆನಾ ಎಂದು. ಗೀರುಗಳ ಮೇಲೆ ಬೆರಳಿಟ್ಟ ಮೇಲೆ ಅಳು ಬಂತು. ಸಣ್ಣಕ್ಕ ಬೈದಳು: "ಸಾಕು ಮಾಡೇ. ನೀ ಹೋದದ್ದು ನಾ ಕಂಡೀನಿ, ಐಸು ಕಂಡದೆ."

ದಿನಕರಣ್ಣನಿಗೆ ಫೋನಿನಲ್ಲಿ ಹೇಳಿದೆ. "ಬುಟ್ಟಿ ತೆಗ್ದದ್ದಕ್ಕೆ ಗೀರು. ನೀ ಒತ್ತಿದ್ದಕ್ಕೆ ಗೀರದ್ಯಾ?" ಎಂದ. ಅವನು ಹೇಳುವುದೂ ಸರಿಯೇ. ಒತ್ತಿದ್ದನ್ನು ನೋಡಿದ್ದು ನಿಮ್ಮ ಟ್ಯಾಬು ಒಂದೇ.

ಆದ್ದರಿಂದ ಒಂದೇ ಪ್ರಶ್ನೆ ಕೇಳುತ್ತೇನೆ. ಹಸಿರು ಬಂದ ಮೇಲೂ ತಲುಪದೆ ಇರಬಹುದಾ? ಹೌದು, ಇಲ್ಲ, ಎರಡರಲ್ಲಿ ಒಂದು ಬರೆದು ಕೆಳಗೆ ಸಹಿ ಮಾಡಿ ಕಳಿಸಿ. ಹೆಚ್ಚು ಬೇಡ.

ಜಯಶ್ರೀ


ಮಾವಳ್ಳಿ
13 ಜೂನ್ 2025

ಮಾಲತಿ ಅವರಿಗೆ,

ಕಳೆದ ಪತ್ರದ ಕಾರ್ಡು ವಾಪಸು ಬಂದಿದೆ. ಜೂನ್ ಐದು ಎಂದು ನಿಮ್ಮ ಕೈಬರಹದಲ್ಲೇ ಇದೆ. ಆದ್ದರಿಂದ ತಲುಪಲಿಲ್ಲ ಎನ್ನುವ ಅನುಮಾನ ನನಗಿಲ್ಲ. ಎಂಟು ದಿನವಾಯಿತು.

ಎರಡಕ್ಷರ ಬರೆಯಲು ಎಂಟು ದಿನ ಸಾಲದೆ ಹೋದರೆ ಉತ್ತರ ನನಗೆ ಸಿಕ್ಕಿದಂತೆಯೇ. ಇಲ್ಲ ಎಂದಿದ್ದರೆ ನೀವು ಅವತ್ತೇ ಬರೆಯುತ್ತಿದ್ದಿರಿ.

ಆದರೆ ನನಗೆ ಗೊತ್ತಾದರೆ ಏನು ಬಂತು? ವಿಚಾರಣೆಯಲ್ಲಿ ನಾನು, ಒಂದು ಹಲಗೆ, ಓದಲು ಬಾರದ ಸಣ್ಣಕ್ಕ. ಆಚೆ ಕಡೆ ಕಂಪ್ಯೂಟರು. ಸಣ್ಣಕ್ಕನನ್ನೂ ಕೆಲಸದಿಂದ ತೆಗೆಯುತ್ತಾರೆ. ಆದ್ದರಿಂದ 21ನೇ ತಾರೀಕು ಶನಿವಾರ ಹೋಗಿ ದಿನಕರಣ್ಣನ ಕಾಗದಕ್ಕೆ ಸಹಿ ಹಾಕುತ್ತೇನೆ.

ಆ ವಾಸನೆಗಿಂತ ಇದು ಹೆಚ್ಚು ಹೇಸಿಗೆ. ಅದು ತೊಳೆದರೆ ಹೋಗಬಹುದು.

ನೀವಿನ್ನು ಬರೆಯುವುದು ಬೇಡ.

ಜಯಶ್ರೀ


ಹೊಳನಗದ್ದೆ
16 ಜೂನ್ 2025, ಸೋಮವಾರ

ಜಯಶ್ರೀ,

ಹೌದು.

ಹಸಿರು ಬಂದ ಮೇಲೂ ತಲುಪದೆ ಇರಬಹುದು. ಕೆಳಗೆ ಸಹಿ ಮಾಡಿದ್ದೇನೆ. ನೀವು ಹೆಚ್ಚು ಬೇಡ ಎಂದಿದ್ದಿರಿ, ಆದರೂ ಮುಂದೆ ಬರೆಯುತ್ತೇನೆ, ಯಾಕೆಂದರೆ ಬರೀ ಹೌದು ಎಂದರೆ ಅದೂ ನನ್ನನ್ನು ಕಾಪಾಡುವ ಉತ್ತರವೇ.

ಇಂದು ನಿಮ್ಮ ಪತ್ರ ಬಂದ ಮೇಲೆ ಮೂರು ಸಲ ಫೋನ್ ಮಾಡಿದೆ. ನೀವು ಎತ್ತಲಿಲ್ಲ. ಸರಿಯೇ. ಬಸ್ಸು ಹತ್ತಿ ಮಾವಳ್ಳಿಗೇ ಬಂದುಬಿಡೋಣ ಎಂದು ಸೀರೆ ಬದಲಾಯಿಸಿ, ಮತ್ತೆ ಕೂತೆ. ಬಂದರೆ ನಾನು ಅಳುತ್ತೇನೆ, ನೀವು ಚಾ ಮಾಡಿ ಪರವಾಗಿಲ್ಲ ಎನ್ನುತ್ತೀರಿ. ಆ ಪರವಾಗಿಲ್ಲವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ನಾನು ಮತ್ತೆ ಸುಮ್ಮನಾಗುತ್ತೇನೆ. ನಿಮಗೆ ಬೇಕಾದದ್ದು ಕಾಗದ.

ಹಸಿರಿಗೆ ಎಂಥ ಅರ್ಥ ಎಂದು ಕೇಳಿದ್ದಿರಿ. ನೀವು ಒತ್ತಿದ್ದನ್ನು ಟ್ಯಾಬು ಕಂಡಿತು ಎಂದು ಮಾತ್ರ. ಸರ್ವರ್‌ಗೆ ಮುಟ್ಟಿತು ಎಂದಲ್ಲ. ಮುಟ್ಟಲು ಹನ್ನೊಂದು ಸೆಕೆಂಡು ಬೇಕಾಗುತ್ತಿತ್ತು, ಅದಕ್ಕೇ ಚಕ್ರ ತಿರುಗುತ್ತಿತ್ತು. ನೀವು ಚಕ್ರ ತೆಗೆಯಿರಿ ಎಂದಿರಿ. ಆ ಹನ್ನೊಂದು ಸೆಕೆಂಡನ್ನು ಕಡಿಮೆ ಮಾಡುವುದು ಕಷ್ಟದ ಕೆಲಸ, ತಿಂಗಳುಗಳ ಕೆಲಸ. ನಾನು ಅದನ್ನು ಮಾಡಿಸಲಿಲ್ಲ. ಹನ್ನೊಂದು ಸೆಕೆಂಡು ಹಾಗೇ ಇರಲಿ, ಹಸಿರನ್ನು ಮೊದಲೇ ತೋರಿಸೋಣ ಎಂದೆ. ಬೇಗ ಆಗುವುದು ಬೇರೆ, ಬೇಗ ಆದಂತೆ ಅನ್ನಿಸುವುದು ಬೇರೆ. ಎರಡನೆಯದು ಸುಲಭ ಎಂದು ವೇದಿಕೆಯ ಮೇಲೆ ನಿಂತು ಭಾಷಣ ಮಾಡಿದ್ದೇನೆ. ಚಪ್ಪಾಳೆ ಬಿದ್ದಿದೆ. ಅದಕ್ಕೆ ಕೊಟ್ಟ ಗಾಜಿನ ಫಲಕ ಇಲ್ಲೇ ಮೇಜಿನ ಮೇಲಿತ್ತು. ನೋಡಲಾಗದೆ ಮಂಚದಡಿಗೆ ತಳ್ಳಿದ್ದೇನೆ.

ನೀವು ಕೇಳಿದ್ದು ಬೆರಳು ಮರಗಟ್ಟದಿರಲಿ ಎಂದು. ಸುಳ್ಳು ತೋರಿಸಿ ಎಂದು ಕೇಳಲಿಲ್ಲ. "ಕೇಳಿದ್ದು ನೀವೇ" ಎಂದು ನಿಮಗೆ ಬರೆದೆನಲ್ಲ, ನಾನು ಈ ತನಕ ಬರೆದ ಯಾವ ಸಾಲೂ ನನಗೆ ಅಷ್ಟು ಅಸಹ್ಯವಾಗಿಲ್ಲ. ಅದನ್ನು ಬರೆದು, ಲಕೋಟೆ ಅಂಟಿಸಿ, ಚಾ ಮಾಡಿಕೊಂಡು ಕುಡಿದೆ ಎನ್ನುವುದನ್ನೂ ಹೇಳಬೇಕು.

ಈ ಏಪ್ರಿಲಿನವರೆಗೆ ಅದು ಹೇಗೋ ನಡೆಯುತ್ತಿತ್ತು. ನೀವು ಹೊರಗೆ ಬಂದ ಕೂಡಲೇ ಟ್ಯಾಬು ಕಳಿಸಿಬಿಡುತ್ತಿತ್ತು. ಕಾರ್ಖಾನೆಗಳು ಸಾವಿರದ ನಾನೂರಾದಾಗ ಸರ್ವರ್‌ಗೆ ಭಾರ ಹೆಚ್ಚಾಯಿತು. ಒಂದೊಂದನ್ನೇ ಕಳಿಸುವುದು ಬೇಡ, ಇಪ್ಪತ್ತು ನಿಮಿಷಕ್ಕೊಮ್ಮೆ ಒಟ್ಟಿಗೆ ಕಳಿಸಲಿ ಎಂದು ಏಪ್ರಿಲ್ ಒಂದರಿಂದ ಬದಲಾಯಿಸಿದೆವು. ಅಷ್ಟರೊಳಗೆ ಲಾಗೌಟ್ ಮಾಡಿದರೆ ಕಾದಿರುವುದೆಲ್ಲ ಅಳಿಸಿಹೋಗುತ್ತದೆ. ಯಾರೋ ಕೇಳಿದರು, ಇಪ್ಪತ್ತು ನಿಮಿಷದೊಳಗೆ ಯಾರು ಲಾಗೌಟ್ ಮಾಡುತ್ತಾರೆ? ಒಬ್ಬರಿಗೆ ಒಂದು ಟ್ಯಾಬು ಇರುತ್ತದೆ, ಯಾರೂ ಮಾಡುವುದಿಲ್ಲ ಎಂದೆ ನಾನು. ನಿಮ್ಮ ಫ್ಯಾಕ್ಟರಿಯಲ್ಲಿ ಎರಡು ದಿನ ಕೂತಿದ್ದವಳು. ಮೂರು ಕಡೆಗೆ ಒಂದೇ ಟ್ಯಾಬು ಕೈ ಬದಲಾಗುವುದನ್ನು ಕಣ್ಣಾರೆ ಕಂಡವಳು.

ಒಬ್ಬಳ ಬೆವರು ಇನ್ನೊಬ್ಬಳ ಹೆಸರಿಗೆ ಹೋಗಬಾರದೆಂದು ನೀವು ಪ್ರತಿ ಸಲ ಲಾಗೌಟ್ ಮಾಡಿದಿರಿ. ಪ್ರತಿ ಸಲವೂ ನಿಮ್ಮ ದಾಖಲೆ ಅಳಿಸಿತು. ತೂಕದವರು, ಪ್ಯಾಕಿಂಗಿನವರು ಟ್ಯಾಬನ್ನು ಹೆಚ್ಚು ಹೊತ್ತು ಇಟ್ಟುಕೊಳ್ಳುವುದರಿಂದ ಅವರದು ತಲುಪುತ್ತಿತ್ತು. ತಲುಪಿದ ಆ ನಾಲ್ಕು ಇವೆಯಲ್ಲ, ಅವು ನೀವು ಲಾಗೌಟ್ ಮರೆತ ನಾಲ್ಕು ಸಲ.

ಇನ್ನೊಂದು ಉಳಿದಿದೆ. ಒತ್ತಿದ್ದಕ್ಕೆ ಗೀರು ಇದೆಯೇ ಎಂದು ದಿನಕರ ಕೇಳಿದರಲ್ಲ. ಇದೆ. ಹಸಿರು ಎಷ್ಟು ಬೇಗ ಕಾಣಿಸಿತು ಎಂದು ನಾವು ಅಳೆಯುತ್ತೇವೆ, ಮೇಲಿನವರಿಗೆ ತೋರಿಸಲು. ತಾರೀಕು, ಗಂಟೆ, ಯಾರ ಲಾಗಿನ್, ಎಷ್ಟು ಸೆಕೆಂಡು. ಆ ಅಳತೆ ಟ್ಯಾಬಿನಲ್ಲಿ ಬೇರೆಯಾಗಿ ಉಳಿಯುತ್ತದೆ, ಲಾಗೌಟ್ ಮಾಡಿದರೂ ಅಳಿಸುವುದಿಲ್ಲ, ವೈಫೈ ಸಿಕ್ಕಾಗ ನಮಗೆ ತಲುಪುತ್ತದೆ. ನೀವು ದಾಖಲಿಸಿದ್ದನ್ನು ನಾವು ಎಸೆದೆವು, ನಮ್ಮ ವೇಗದ ಅಳತೆಯನ್ನು ಜೋಪಾನವಾಗಿಟ್ಟೆವು. ಅದರಲ್ಲಿ ಜಯಶ್ರೀ ಎಂಬ ಹೆಸರಿನ ಮುಂದೆ ಏಪ್ರಿಲ್ ಒಂದರಿಂದ ಹದಿನೇಳರವರೆಗೆ ಎಪ್ಪತ್ತೈದು ಹಸಿರುಗಳಿವೆ. ಆರು, ಎಂಟು, ಹತ್ತು, ಹನ್ನೆರಡು, ಎರಡು. ಭಾನುವಾರ ಖಾಲಿ. ಸಣ್ಣಕ್ಕನ ಹಲಗೆ ಇದ್ದಂತೆಯೇ ಇದೆ.

ಇದನ್ನು ನಾನು ಕಂಡದ್ದು ಮೇ ಹತ್ತರಂದು. ಮೊದಲ ಪತ್ರ ಬರೆಯುವುದಕ್ಕೆ ಎರಡು ದಿನ ಮುಂಚೆ. ಫೋನು ಎತ್ತಲಿಲ್ಲ ಎನ್ನುವ ಸಣ್ಣ ತಪ್ಪನ್ನು ಒಪ್ಪಿಕೊಂಡು ಪತ್ರ ಶುರು ಮಾಡಿದ್ದು ಯಾಕೆಂದು ಈಗ ನನಗೇ ಕಾಣುತ್ತಿದೆ. ಅಷ್ಟು ಪ್ರಾಮಾಣಿಕಳು ಇನ್ನೇನನ್ನು ಮುಚ್ಚಿಟ್ಟಾಳು ಎಂದು ನೀವು ಅಂದುಕೊಳ್ಳಲಿ ಎಂದು.

ಗುರುದತ್ತರಿಗೆ ಆಗಲೇ ತೋರಿಸಿದ್ದೆ. ಅವರು ಸಿಟ್ಟಾಗಲಿಲ್ಲ. "ಮಾಲತಿ, ಇಷ್ಟು ದೊಡ್ಡದನ್ನು ನಡೆಸುವಾಗ ಸಾವಿರಕ್ಕೆ ಮೂರು ದಾಖಲೆ ಕಳೆದುಹೋಗ್ತವೆ. ಅದು ಇದ್ದದ್ದೇ. ಒಬ್ಬಳಿಗೆ ಕಾಗದ ಕೊಟ್ರೆ ನಾಳೆ ಸಾವಿರದ ನಾನೂರು ಕಡೆಯಿಂದ ಕೇಳ್ತಾರೆ. ಫ್ಯಾಕ್ಟರಿಯವರು ನೋಡ್ಕೋತಾರೆ ಬಿಡಿ" ಎಂದರು. ವಿಡಿಯೊ ಕರೆಯಲ್ಲೇ ಊಟದ ಡಬ್ಬಿ ತೆರೆದುಕೊಂಡು, ಅನ್ನ ಕಲಸುತ್ತಾ ಹೇಳಿದರು. ನಾನು ಹೂಂ ಎಂದೆ. ಕಂಪ್ಯೂಟರ್ ಮುಚ್ಚಿ ನಾನೂ ಊಟ ಮಾಡಿದೆ. ಹಸಿವಾಗಿತ್ತು. ನಿಮ್ಮ ಎರಡನೇ ಪತ್ರದಲ್ಲಿ ಕೈ ಮೂಸಿ ನೋಡುವ ಮಾತು ಓದಿದ ಮೇಲೆ ತಟ್ಟೆಯ ಮುಂದೆ ಕೂತಾಗಲೆಲ್ಲ ಆ ಊಟ ನೆನಪಾಗುತ್ತದೆ. ಇಂಥ ಸಾವಿರಕ್ಕೆ ಮೂರರಲ್ಲಿ ಇನ್ನೆಷ್ಟು ಜನ ಯಾವ ಯಾವ ಊರಿನಲ್ಲಿ ಸಹಿ ಹಾಕಿ ಮನೆಗೆ ಹೋಗಿದ್ದಾರೋ, ನಾನು ಹುಡುಕಿಲ್ಲ. ಹುಡುಕಬೇಕು.

ಎಂಟು ದಿನ ಏನು ಮಾಡಿದೆ ಎಂದರೆ, ಕೆಲಸ ಹೋಗುತ್ತದೆ ಎಂದು ಹೆದರಿದೆ. ನಲವತ್ತಾರು ವರ್ಷಕ್ಕೆ ಮತ್ತೆ ಯಾರು ಕೊಡುತ್ತಾರೆ ಎಂದು ಹೆದರಿದೆ. ಅದಕ್ಕಿಂತ ಹೆಚ್ಚಾಗಿ, ಬಳಸುವವರ ಕಷ್ಟ ಬಲ್ಲವಳು ಎಂದು ನನಗೆ ನಾನೇ ಕೊಟ್ಟುಕೊಂಡ ಹೆಸರು ಹೋಗುತ್ತದೆ ಎಂದು. ಅದು ಹೋಗಿ ಆಗಿದೆ ಎಂದು ತಿಳಿಯಲು ಎಂಟು ದಿನ ಹಿಡಿಯಿತು.

ಇದರ ಜೊತೆ ಎರಡು ಇವೆ. ಒಂದು, ವಿಚಾರಣೆಗೆ ನನ್ನ ಹೇಳಿಕೆ. ಹಸಿರು ಗುರುತು ಹೇಗೆ ಕೆಲಸ ಮಾಡುತ್ತದೆ, ಯಾರು ಮಾಡಿದ್ದು ಎಂದು ನನ್ನ ಹೆಸರು ಹಾಕಿ ಬರೆದಿದ್ದೇನೆ. ಇನ್ನೊಂದು, ಎಪ್ಪತ್ತೈದು ಹಸಿರುಗಳ ಪಟ್ಟಿ, ಮೂರು ಪುಟ, ಪ್ರತಿ ಪುಟಕ್ಕೂ ಸಹಿ. ಅದನ್ನು ಹಲಗೆಯ ಪಕ್ಕ ಇಟ್ಟು ಸಾಲು ಸಾಲಾಗಿ ಓದಲು ಹೇಳಿ. 23ರಂದು ನಾನೂ ಬರುತ್ತೇನೆ, ಫ್ಯಾಕ್ಟರಿಯ ಗೇಟಿನ ಹೊರಗೆ ಇರುತ್ತೇನೆ. ಒಳಗೆ ಕರೆದರೆ ಹೇಳುತ್ತೇನೆ. ನೀವು ನನ್ನ ಜೊತೆ ಮಾತನಾಡಬೇಕಾಗಿಲ್ಲ.

ಶನಿವಾರ ಆ ಕಾಗದಕ್ಕೆ ಸಹಿ ಹಾಕಬೇಡಿ.

ನಾಳೆ, 17ರಂದು, ಇವೆಲ್ಲದರ ಪ್ರತಿಯನ್ನು ಗುರುದತ್ತರಿಗೆ ಕಳಿಸುತ್ತೇನೆ. ಅವರ ಬೆನ್ನ ಹಿಂದೆ ಮಾಡಿದರೆ ಅದೂ ಇನ್ನೊಂದು ಮುಚ್ಚುಮರೆಯೇ. ಆದರೆ ನನ್ನನ್ನು ನಾನು ಬಲ್ಲೆ. ಅವರು ಫೋನು ಮಾಡುತ್ತಾರೆ, ಮೆತ್ತಗೆ ಮಾತಾಡುತ್ತಾರೆ, ನನಗೆ ಒಂದು ರಾತ್ರಿ ಸಿಗುತ್ತದೆ, ಮತ್ತೆ ಹೂಂ ಎಂದುಬಿಡಬಹುದು. ಆದ್ದರಿಂದ ಇದನ್ನು ಅಂಚೆಗೆ ಹಾಕುವ ತಾರೀಕನ್ನು ಈಗಲೇ ಕೊನೆಯಲ್ಲಿ ಬರೆದಿಡುತ್ತಿದ್ದೇನೆ. ನಾನು ಬರೆದ ತಾರೀಕನ್ನು ನಂಬಬೇಡಿ, ಲಕೋಟೆಯ ಮೇಲೆ ಕುಮಟಾ ಅಂಚೆಯ ಮುದ್ರೆ ನೋಡಿ. ಎರಡೂ ಒಂದೇ ಇದ್ದರೆ ಮಾತ್ರ ಕಾರ್ಡಿಗೆ ಸಹಿ ಹಾಕಿ ವಾಪಸು ಕಳಿಸಿ.

ಮಾಲತಿ

ಅಂಚೆಗೆ ಹಾಕುವುದು: 18 ಜೂನ್ 2025, ಬುಧವಾರ.